ಹಾಲು ಕುಡಿಯೋವಾಗ ಬೆವರುತ್ತಿದ್ದ ಕೂಸು

ಗಂಗಾವತಿ ಕಡೆಯ ಒಂದು ಹಳ್ಳಿ. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ತಾಯೀನ ಗಿರಿಜಾ ಅಂತ ಕರೀತೀನಿ. ಬಂದಾಗ ಕೂಸಿಗೆ ಮೂರು ತಿಂಗಳು. ಮಕ್ಕಳ ಡಾಕ್ಟ್ರು ಎಕೋ, ಅಂದ್ರೆ ಹೃದಯದ ಸ್ಕ್ಯಾನ್ ಮಾಡಿಸಿ ಬೆಂಗಳೂರಿಗೆ ಬರೆದುಕೊಟ್ಟಿದ್ರು, ಮನೆಯವರು ಆಪರೇಶನ್‌ಗೆ ಒಪ್ತಿಲ್ಲ ಸ್ವಲ್ಪ ಮಾತಾಡಿ ಅಂತ ನನ್ನ ಹತ್ರ ಕಳಿಸಿದ್ರು.

ಗಿರಿಜಾ ಗೋಡೆ ಕಡೆ ಮುಖ ಮಾಡಿ ಕೂತಿದ್ಲು, ಮಾತೆಲ್ಲಾ ಅತ್ತೆಯದೇ. "ಏಳು ತಿಂಗಳ ಬಸುರಿ ಇದ್ಲು ರೀ ಮೇಡಂ, ಗ್ರಹಣದಾಗ ಹೊರಗ ಹೋಗಬ್ಯಾಡ ಅಂತ ಬಡ್ಕೊಂಡೆ, ಕೇಳ್ಲಿಲ್ಲ." ಅವರನ್ನ ಹೊರಗೆ ಕೂರಿಸಿ ಗಿರಿಜಾಗೆ ಒಂದೇ ಕೇಳಿದೆ, ಕೂಸಿಗೆ ಏನೋ ಆಗ್ತಿದೆ ಅಂತ ಮೊದಲು ಯಾರಿಗೆ ಗೊತ್ತಾಯ್ತು. ಬಹಳ ಹೊತ್ತಾದ ಮೇಲೆ "ನನಗ" ಅಂದ್ಲು. ಹಾಲು ಕುಡಿಯಾಕ ಹತ್ತಿದ್ರ ಸಾಕು ಹಣೆ ತುಂಬಾ ಬೆವರು, ನಾಕು ಗುಟುಕು ಕುಡಿದು ಬಿಟ್ಟು, ಮುಖ ಬಿಳಿಚಿಕೊಂಡು ಚೀರೋದು, ಒರೆಸಿ ಒರೆಸಿ ಸೆರಗಿನ ತುದಿ ಹಸಿಯಾಗೋದಂತೆ. ಮನೇಲಿ ಗ್ಯಾಸ್ ಅಂದ್ರು, ಓಂಕಾಳು ನೀರು ಕುಡಿಸಿದ್ರು, ಒಬ್ಬ ಡಾಕ್ಟ್ರೂ ಹೊಟ್ಟೆನೋವಿನ ಡ್ರಾಪ್ಸ್ ಕೊಟ್ಟು ಕಳಿಸಿದ್ರು, ಕೊನೆಗೆ ಬರೆ ಹಾಕ್ಸಿದ್ರು. ಅಂಗಿ ಎತ್ತಿ ತೋರಿಸಿದ್ಲು, ಹೊಕ್ಕಳ ಪಕ್ಕ ಕಡಲೆಕಾಳಿನಷ್ಟು ಎರಡು ಕಪ್ಪು ಕಲೆ. ನೀನು ನೋಡಿದ್ದೇ ಸರಿ ಇತ್ತು ಗಿರಿಜಾ ಅಂದೆ, ಆಗಲೇ ಅವಳು ಅತ್ತಿದ್ದು.

ಕಾಯಿಲೆ ಹೆಸರು ಆಲ್ಕಾಪಾ, ಸುಮಾರು 3 ಲಕ್ಷ ಮಕ್ಕಳಲ್ಲಿ ಒಂದಕ್ಕೆ. ಹೃದಯದ ಎಡಭಾಗಕ್ಕೆ ರಕ್ತ ಕೊಡೋ ಕೊರೋನರಿ ನಾಳ ಮಹಾಪಧಮನಿಯಿಂದ ಹುಟ್ಟೋ ಬದಲು ಶ್ವಾಸಕೋಶಕ್ಕೆ ಹೋಗೋ ದೊಡ್ಡ ನಾಳದಿಂದ ಹುಟ್ಟಿರುತ್ತೆ. ಮೊದಲ ಕೆಲವು ವಾರ ಆ ನಾಳದಲ್ಲೂ ಪ್ರೆಷರ್ ಜಾಸ್ತಿ ಇರೋದ್ರಿಂದ ಗೊತ್ತಾಗಲ್ಲ, ಆಮೇಲೆ ಪ್ರೆಷರ್ ಇಳೀತಿದ್ದಂಗೆ ಹೃದಯದ ಸ್ನಾಯುಗೆ ಸಿಗಬೇಕಾದ ರಕ್ತಾನೇ ವಾಪಸ್ ಅಲ್ಲಿಗೆ ಹರಿದು ಹೋಗುತ್ತೆ, ಹೃದಯ ಹಿಗ್ಗಿ ಸೋಲುತ್ತೆ. ಅಷ್ಟು ಸಣ್ಣ ಕೂಸಿಗೆ ಹಾಲು ಕುಡಿಯೋದೇ ದೊಡ್ಡ ದುಡಿಮೆ, ಅದಕ್ಕೇ ಆ ಬೆವರು.

ಎಲ್ಲರನ್ನೂ ಒಳಗೆ ಕರೆದು ಇದನ್ನ ಓಪಿ ಚೀಟಿ ಹಿಂದೆ ಗೀಚಿ ತೋರಿಸ್ತಿದ್ದೆ, ಅಲ್ಲಿವರೆಗೂ ಸುಮ್ಮನಿದ್ದ ಗಂಡ ಬಗ್ಗಿ ನೋಡಿದ. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ನೆಲ್ಲು ಬೆಳೆಯೋನು. "ಅಂದ್ರ ನಮ್ಮ ಹೊಲದ ತೂಬು ಕಾಲುವಿಗೆ ಕೂಡಿಸೋದು ಬಿಟ್ಟು ಹಳ್ಳಕ್ಕ ಕೂಡಿಸ್ಯಾರ, ಬಂದ ನೀರೂ ಹಳ್ಳಕ್ಕ ಹೊಂಟೇತಿ." ಹೌದಪ್ಪ, ಆಪರೇಶನ್ ಅಂದ್ರೆ ಆ ತೂಬನ್ನ ಸುತ್ತಲಿನ ಸ್ವಲ್ಪ ಗೋಡೆ ಸಮೇತ ಕತ್ತರಿಸಿ ತೆಗೆದು ಮಹಾಪಧಮನಿಗೆ ಹೊಲಿಯೋದು ಅಂದೆ. ನನ್ನ ವಿವರಣೆಗಿಂತ ಅವನ ಮಾತೇ ಅತ್ತೆಗೆ ತಿಳೀತು.

ಅತ್ತೆಗೆ ನಾನು ಹೇಳಿದ್ದು ಇಷ್ಟು: ಹೃದಯದ ನಾಳಗಳು ಬಸುರಿನ ಮೊದಲ ಎರಡು-ಮೂರು ತಿಂಗಳಲ್ಲೇ ಮೂಡಿಬಿಟ್ಟಿರ್ತವೆ, ಏಳನೇ ತಿಂಗಳ ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಮ್ಮಾ. ಗಿರಿಜಾ ಗಂಡನ ಸ್ವಂತ ಅಕ್ಕನ ಮಗಳೇ, ಅದಕ್ಕಾ ಹಿಂಗಾಯ್ತು ಅಂತಾನೂ ಕೇಳಿದ್ರು. ಸಂಬಂಧದಲ್ಲಿ ಮದುವೆ ಆದ್ರೆ ಒಟ್ಟಾರೆ ಹುಟ್ಟುದೋಷದ ಅಪಾಯ ಸ್ವಲ್ಪ ಹೆಚ್ಚು ಅನ್ನೋದು ನಿಜ, ಮುಚ್ಚಿಡಲಿಲ್ಲ, ಆದ್ರೆ ಆಲ್ಕಾಪಾ ಸಾಮಾನ್ಯವಾಗಿ ವಂಶದಲ್ಲಿ ಬರೋದಲ್ಲ, ಮುಂದಿನ ಬಸುರಿನಲ್ಲಿ ಐದನೇ ತಿಂಗಳ ಹೊತ್ತಿಗೆ ಕೂಸಿನ ಹೃದಯದ ಎಕೋ ಮಾಡಿಸಿ ಅಂದೆ.

ವರ್ಷ ತುಂಬ್ಲಿ, ಕೂಸು ಗಟ್ಟಿಯಾಗ್ಲಿ, ಹುಲಿಗೆಮ್ಮಗ ಹರಕಿ ಹೊತ್ತೀವಿ ಅಂದ್ರು. ಇಲ್ಲಿ ಮಾತ್ರ ನಾನು ಮೆತ್ತಗೆ ಮಾತಾಡಲಿಲ್ಲ. ಹರಕೆ ಇರ್ಲಿ, ಆದ್ರೆ ಆಪರೇಶನ್ ಇಲ್ದೆ ಇಂಥಾ ಹೆಚ್ಚಿನ ಕೂಸುಗಳು ಮೊದಲ ವರ್ಷ ದಾಟಲ್ಲ, ನೀವು ಕಾಯೋ ಒಂದೊಂದು ವಾರಕ್ಕೂ ಹೃದಯ ಸೋಲ್ತಾ ಹೋಗುತ್ತೆ ಅಂದೆ. ದುಡ್ಡಿಗೆ ಬಿಪಿಎಲ್ ಕಾರ್ಡು, ಆಧಾರ್ ತಗೊಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕೇಳಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ ಅಂತ ಬರೆದುಕೊಟ್ಟೆ.

ಗಿರಿಜಾಗೆ ಬೇರೇನೇ ತಯಾರಿ ಬೇಕಿತ್ತು. ಐಸಿಯುನಲ್ಲಿ ಕೂಸಿನ ಬಾಯಲ್ಲಿ ಪೈಪು, ಮೈತುಂಬಾ ವೈರು ಇರ್ತವೆ, ಊತಕ್ಕೆ ಎದೆ ಒಂದೆರಡು ದಿನ ಮುಚ್ಚದೇನೂ ಇಡಬಹುದು, ನೋಡಿ ಎದೆ ಒಡ್ಕೋಬೇಡ, ಹಾಲು ಹಿಂಡಿ ಕೊಡ್ತಾ ಇರು, ಅದು ನಿಂತ್ರೆ ಮತ್ತೆ ಬರೋದು ಕಷ್ಟ ಅಂದೆ.

ಆಪರೇಶನ್ ಆಗಿ ಎರಡೂವರೆ ತಿಂಗಳಾದ ಮೇಲೆ ಬಂದ್ರು. ಹೃದಯದ ಬಲ ಪೂರ್ತಿ ಬರೋಕೆ ಇನ್ನೂ ತಿಂಗಳುಗಳು ಬೇಕು, ವಾಲ್ವ್ ಸ್ವಲ್ಪ ಸೋರ್ತಿದೆ, ಚೆಕಪ್ ಜೀವನಪೂರ್ತಿ ಬಿಡಂಗಿಲ್ಲ. ಎದೆಮೂಳೆ ಕೂಡೋಕೆ ಆರೆಂಟು ವಾರ ಬೇಕು, ಅಲ್ಲಿವರೆಗೆ ಕಂಕುಳಿಗೆ ಕೈಹಾಕಿ ಎತ್ತಬೇಡಿ ಅಂತ ಹೇಳಿ ಕಳಿಸಿದ್ದೆ. ಆ ವಾರಗಳೆಲ್ಲಾ ಮುಗಿದಿದ್ರೂ ಅತ್ತೆ ಇನ್ನೂ ಒಂದು ಕೈ ಕುಂಡಿ ಕೆಳಗೆ, ಒಂದು ಕೈ ಕತ್ತಿನ ಹಿಂದೆ ಇಟ್ಟೇ ಎತ್ತಿ ಗಿರಿಜಾ ತೊಡೆ ಮೇಲೆ ಹಾಕಿದ್ರು. ಅವಳು ಅಲ್ಲೇ ಹಾಲು ಕುಡಿಸಿದ್ಲು, ಕುಡಿಸ್ತಾ ಹಣೆ ಮುಟ್ಟಿ ನೋಡಿ, ಅಂಗೈ ನನಗೆ ತೋರಿಸಿದ್ಲು. ಒಣಗಿತ್ತು.