ಕಂಪನಿಲಿ ಬೈಬಲ್ ಬಗ್ಗೆ ಕೇಳೋ ಪ್ರಶ್ನೆಗಳಿಗೆ ತರ್ಕದಿಂದ ಉತ್ತರ ಕೊಡೋದು ಹೆಂಗೆ?

ನಿಮ್ ಪ್ರಶ್ನೆ ಪೂರ್ತಿ ಓದಿದೆ ಬ್ರದರ್. ನರಸಾಪುರದ ಕಂಪನಿಲಿ ನಿಮ್ ಶಿಫ್ಟಲ್ಲಿ ನೀವೊಬ್ರೇ ಕ್ರಿಶ್ಚಿಯನ್ನು, ಊಟಕ್ಕೆ ಕೂತಾಗ ಬೈಬಲ್ ತಿದ್ದಿದಾರಂತೆ, ಯೇಸು ಕಾಶ್ಮೀರಕ್ಕೆ ಬಂದು ಕಲ್ತ್ಕೊಂಡು ಹೋದ್ರಂತೆ, ನೀವೆಲ್ಲ ಅಕ್ಕಿ ಮೂಟೆಗೆ ಮತಾಂತರ ಆದೋರಂತೆ ಅಂತ ಕಾಲೆಳೀತಾರೆ, ಯಾವ ಪಾಯಿಂಟ್ ಹಾಕಿದ್ರೆ ಬಾಯಿ ಮುಚ್ಚಿಸ್ಬೋದು ಅಂತ ಕೇಳಿದೀರ. ಬಾಯಿ ಮುಚ್ಚಿಸೋ ಪಾಯಿಂಟ್ ನನ್ ಹತ್ರ ಇಲ್ಲ. ನಾನು ಕೋಲಾರ ಎಪಿಎಂಸಿಲಿ ಟೊಮೇಟೊ ಮಂಡಿಲಿ ರೈಟರ್ರು, ಲೆಕ್ಕ ಬರೆಯೋನು, ಬೈಬಲ್ ಕಾಲೇಜಿಗೆಲ್ಲ ಹೋದೋನಲ್ಲ. ಆದ್ರೆ ದಿನಾ ಕೂರೋದು ಎಲ್ಲಾ ಜಾತಿ ಎಲ್ಲಾ ಧರ್ಮದವರ ಮಧ್ಯೆನೇ, ನಿಮ್ಮನ್ನ ಕೇಳೋ ಇವೇ ಪ್ರಶ್ನೆ ನನಗೂ ಬರ್ತವೆ, ಅದಕ್ಕೆ ಓದ್ಕೊಂಡಿದೀನಿ, ಗೊತ್ತಿರೋದು ಹೇಳ್ತೀನಿ.

ಮೊದ್ಲು ನಮ್ ಕಡೆ ಇರೋ ಸುಳ್ಳುಗಳನ್ನ ಹೊರಗೆ ಹಾಕಿ. ಇದನ್ನ ಯಾರೂ ಹೇಳಲ್ಲ. ಸಭೆ ವಾಟ್ಸಾಪ್ ಗ್ರೂಪಲ್ಲಿ ಬರ್ತದಲ್ಲ, ಬೈಬಲಲ್ಲಿ ಬರೋ ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತಿದ್ದನ್ನ ನಾಸಾದವರು ಕಂಪ್ಯೂಟರ್ ಲೆಕ್ಕದಲ್ಲಿ ಕಂಡುಹಿಡಿದ್ರು ಅಂತ, ಅದು ಹಸಿ ಸುಳ್ಳು, ನಾಸಾ ಅಂಥದ್ದೇನೂ ಕಂಡುಹಿಡಿದಿಲ್ಲ. ನೋಹನ ನಾವೆ ಸಿಕ್ತು, ಕೆಂಪು ಸಮುದ್ರದಲ್ಲಿ ಫರೋಹನ ರಥದ ಚಕ್ರ ಸಿಕ್ತು ಅನ್ನೋವೂ ಹಂಗೇನೇ, ಎಷ್ಟೋ ಸಲ ಸುದ್ದಿ ಆಗಿದೆ, ಪುರಾತತ್ವದವರು ಒಪ್ಕೊಂಡಿಲ್ಲ. ಇಂಥದ್ದು ಒಂದು ನೀವು ಕ್ಯಾಂಟೀನಲ್ಲಿ ಹೇಳಿ, ಎದುರಿಗಿರೋ ಹುಡ್ಗ ಮೊಬೈಲ್ ತೆಗ್ದು ಎರಡು ನಿಮಿಷಕ್ಕೆ ಸುಳ್ಳು ಅಂತ ತೋರಿಸಿದ್ರೆ ಆಮೇಲೆ ನೀವು ಪುನರುತ್ಥಾನದ ಬಗ್ಗೆ ಏನ್ ಹೇಳಿದ್ರೂ ಯಾರು ಕೇಳ್ತಾರೆ? ಇದು ನನ್ ಮಾತಲ್ಲ, ಸಂತ ಅಗಸ್ಟೀನ್ 5ನೇ ಶತಮಾನದ ಶುರುಲೇ ಆದಿಕಾಂಡದ ಬಗ್ಗೆ ಬರೀತಾ ಇದನ್ನೇ ಹೇಳಿ ಬೈದಿದಾರೆ, ಆಕಾಶ ನಕ್ಷತ್ರಗಳ ವಿಷಯ ಚೆನ್ನಾಗಿ ಗೊತ್ತಿರೋರ ಮುಂದೆ ಕ್ರೈಸ್ತರು ಶಾಸ್ತ್ರದ ಹೆಸರಲ್ಲಿ ಏನೇನೋ ಒದರಿದ್ರೆ ಅವ್ರು ನಗ್ತಾರೆ, ಆಮೇಲೆ ನಿತ್ಯಜೀವದ ಮಾತು ಯಾಕೆ ನಂಬ್ತಾರೆ ಅಂತ. ಆರು ದಿನದಲ್ಲಿ ಸೃಷ್ಟಿ ಆಯ್ತಾ ಅಂತ ಕಿಚಾಯಿಸಿದ್ರೂ ಇದೇ ಅಗಸ್ಟೀನ್ ನೆನಪಿರ್ಲಿ, ಆ ದಿನಗಳು ನಮ್ ಬೆಳಗ್ಗೆ ಸಾಯಂಕಾಲದ ದಿನಗಳ ಥರ ಅಲ್ಲ ಅಂತ ಅವರಿಗೆ ಡಾರ್ವಿನ್ ಬರೋಕೆ ಸಾವಿರದ ನಾನೂರು ವರ್ಷ ಮುಂಚೆನೇ ಅನ್ಸಿತ್ತು. ಈಗ ಬಿಗ್ ಬ್ಯಾಂಗ್ ಅಂತೀವಲ್ಲ, ಅದರ ಮೊದಲ ರೂಪ 1931ರಲ್ಲಿ ಮುಂದಿಟ್ಟಿದ್ದು ಲೆಮೈತ್ರ್ ಅನ್ನೋ ಬೆಲ್ಜಿಯಂ ಪಾದ್ರಿ. ಅವರು ಕೂಡ ಅದನ್ನ ಆದಿಕಾಂಡಕ್ಕೆ ಸಾಕ್ಷಿ ಅಂತ ಮಾರಾಟ ಮಾಡ್ಲಿಲ್ಲ, ನಾವೂ ಮಾಡೋದು ಬೇಡ.

ಈಗ ದೊಡ್ಡದಕ್ಕೆ ಬರೋಣ, ಬೈಬಲ್ ತಿದ್ದಿದಾರೆ ಅನ್ನೋದು. ಇದಕ್ಕೆ ನಮ್ಮೋರು ಸಾಮಾನ್ಯವಾಗಿ ಒಂದಕ್ಷರನೂ ಬದಲಾಗಿಲ್ಲ ಅಂತ ಎದೆ ತಟ್ಕೊಂಡು ಹೇಳ್ತಾರೆ. ಹಂಗೆ ಹೇಳ್ಬೇಡಿ, ಸಿಕ್ಕಾಕೊಳ್ತೀರ. ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹದ ಪ್ರತಿಗಳು ಚೂರುಪಾರು ಎಲ್ಲ ಸೇರಿ 5,000ಕ್ಕಿಂತ ಜಾಸ್ತಿ ಇದಾವೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದೇ ಇದೆ, ಬಹುಪಾಲು ಕಾಗುಣಿತ, ಪದ ಹಿಂದೆಮುಂದೆ ಆಗಿರೋದು, ಸಾಲು ಬಿಟ್ಟೋಗಿರೋದು. ಆದ್ರೆ ದೊಡ್ಡವೂ ಇದಾವೆ. ಮಾರ್ಕ 16ನೇ ಅಧ್ಯಾಯದ 9ರಿಂದ 20ನೇ ವಚನ, ಆಮೇಲೆ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನ ಯೇಸುಸ್ವಾಮಿ ಬಿಡಿಸಿದ್ರಲ್ಲ, ಯೋಹಾನ 8ನೇ ಅಧ್ಯಾಯ, ಎಲ್ಲಾರಿಗೂ ಬಾಯಿಪಾಠ ಇರೋ ಕಥೆ, ಇವೆರಡೂ 4ನೇ ಶತಮಾನದ ಸಿನೈ ಪ್ರತಿ ಮತ್ತೆ ವ್ಯಾಟಿಕನ್ ಪ್ರತಿ ಅನ್ನೋ ಹಳೇ ಗ್ರೀಕ್ ಬೈಬಲ್‌ಗಳಲ್ಲಿ ಇಲ್ಲ. ಆಮೇಲೆ ಸೇರಿರೋದು ಅಂತ ಕ್ರೈಸ್ತ ವಿದ್ವಾಂಸರಲ್ಲೇ ಹೆಚ್ಚಿನವರು ಒಪ್ತಾರೆ. ಇದು ಗುಟ್ಟೇನಲ್ಲ, ಈಚೆಗಿನ ಅನುವಾದ ತೆಗ್ದು ನೋಡಿ, ಕಂಸದಲ್ಲೋ ಅಡಿಟಿಪ್ಪಣಿಲೋ ಅಚ್ಚು ಹಾಕಿರ್ತಾರೆ. ನಿಮ್ ಸಹೋದ್ಯೋಗಿ ಹೇಳೋಕೆ ಮುಂಚೆ ನೀವೇ ಇದನ್ನ ಹೇಳ್ಬಿಡಿ, ಮಾತಿನ ಧಾಟಿನೇ ಬೇರೆ ಆಗತ್ತೆ.

ಇದನ್ನ ನಮ್ ಮಂಡಿ ಲೆಕ್ಕದಲ್ಲಿ ಹೇಳ್ತೀನಿ. ಹರಾಜಾದ ಮೇಲೆ ರೈತನ ಕೈಗೊಂದು ಪಟ್ಟಿ ಹೋಗತ್ತೆ, ತಗೊಂಡೋನ ಹತ್ರ ಒಂದು ಚೀಟಿ, ನಮ್ ಪುಸ್ತಕದಲ್ಲಿ ಒಂದು. ನಮ್ಮಲ್ಲಿ 140 ಬಾಕ್ಸ್ ಅಂತ ಇದ್ದು ರೈತನ ಪಟ್ಟಿಲಿ 104 ಅಂತ ಇದ್ರೆ ಮೂರನೇದು ತೆಗ್ದು ನೋಡ್ತೀವಿ, ಅಂಕಿ ತಿರುಗಾಮುರುಗಾ ಆಗಿದೆ ಅಂತ ಅಲ್ಲೇ ಗೊತ್ತಾಗೋಗತ್ತೆ. ಒಂದೇ ಪುಸ್ತಕ ಇದ್ದು ಅದು ನಮ್ ಬೀರುಲೇ ಇದ್ದಿದ್ರೆ ವ್ಯತ್ಯಾಸನೇ ಕಾಣ್ತಿರ್ಲಿಲ್ಲ, ಹಂಗಂತ ಅದನ್ನ ನಂಬ್ಬೋದಾ? ತಿದ್ದೋಕೆ ಸುಲಭ ಅದೇ. ಈಜಿಪ್ಟಲ್ಲೊಂದು, ಸಿರಿಯಾದಲ್ಲೊಂದು, ರೋಮಲ್ಲೊಂದು ಅಂತ ಪ್ರತಿಗಳು ಚೆದುರಿ ಹೋಗಿದ್ವು, ಎಲ್ಲವನ್ನೂ ಒಬ್ಬ ಕೂತು ಒಂದೇ ಸಲಕ್ಕೆ ತಿದ್ದೋ ಅಷ್ಟು ಅಧಿಕಾರ ಮೊದಲ ಮುನ್ನೂರು ವರ್ಷ ಯಾರ ಕೈಲೂ ಇರ್ಲಿಲ್ಲ. ವ್ಯತ್ಯಾಸ ಎಲ್ಲಿದೆ ಅಂತ ಇವತ್ತು ನಾವು ಬೆರಳಿಟ್ಟು ತೋರಿಸ್ಬೋದು ಅಂದ್ರೆ ಅದು ಪ್ರತಿ ಜಾಸ್ತಿ ಇರೋದ್ರಿಂದಾನೇ.

ಹಳೇ ಒಡಂಬಡಿಕೆಗೆ 1947ರಿಂದ ಮೃತ ಸಮುದ್ರದ ಹತ್ರ ಇರೋ ಕುಮ್ರಾನ್ ಗವಿಗಳಲ್ಲಿ ಸಿಕ್ಕಿದ ಸುರುಳಿಗಳಿದಾವೆ. ಅಲ್ಲಿನ ದೊಡ್ಡ ಯೆಶಾಯ ಸುರುಳಿ ಕ್ರಿಸ್ತ ಪೂರ್ವದ್ದು, ಪೂರ್ತಿ ಹೀಬ್ರೂ ಬೈಬಲ್ ಇರೋ ಹಳೇ ಪ್ರತಿ ಸುಮಾರು 1008ನೇ ಇಸವಿದು, ಮಧ್ಯೆ ಸಾವಿರ ವರ್ಷ ಮೇಲೆ ಅಂತರ ಇದ್ರೂ ಎರಡೂ ಹತ್ತಿರ ಹತ್ತಿರ ಹೊಂದತ್ತೆ. ಅಲ್ಲೇ ಇನ್ನೊಂದು ಗವಿಲಿ ಯೆರೆಮೀಯನ ಪುಸ್ತಕದ, ಈಗಿನ ಹೀಬ್ರೂ ಪಾಠಕ್ಕಿಂತ ಚಿಕ್ಕದಾದ ಪಾಠದ ತುಣುಕುಗಳೂ ಸಿಕ್ಕಿವೆ, ಅದನ್ನೂ ಹೇಳಿ. ಕಾನ್‌ಸ್ಟಂಟೈನ್ ರಾಜ ನೈಸಿಯಾ ಸಭೇಲಿ ಬೈಬಲ್ ಪುಸ್ತಕಗಳನ್ನ ಆರಿಸಿದ ಅನ್ನೋದು ಮಾತ್ರ ಬರೀ ಕಥೆ, 325ರ ಆ ಸಭೆ ಮುಖ್ಯವಾಗಿ ಸೇರಿದ್ದು ಅರಿಯಸ್ ಅನ್ನೋ ಪಾದ್ರಿ ಎಬ್ಬಿಸಿದ ಜಗಳಕ್ಕೆ, ಮಗನಾದ ಕ್ರಿಸ್ತ ತಂದೆಗೆ ಸಮಾನನಾ ಅಂತ. ಹೊಸ ಒಡಂಬಡಿಕೆಲಿ ಈಗಿರೋ 27 ಪುಸ್ತಕಗಳ ಪಟ್ಟಿ ಹಂಗಂಗೇ ಮೊದ್ಲು ಸಿಗೋದು ಅತನಾಸಿಯಸ್ ಅನ್ನೋ ಬಿಷಪ್ 367ರಲ್ಲಿ ಬರೆದ ಪತ್ರದಲ್ಲಿ.

ಒಂದು ಎಚ್ಚರ. ಇಷ್ಟೆಲ್ಲ ಹೇಳಿದ್ರೂ ಸಾಬೀತಾಗೋದು ಅವತ್ತು ಬರೆದಿದ್ದು ಬಹುಮಟ್ಟಿಗೆ ನಮ್ ಕೈಗೆ ಬಂದಿದೆ ಅನ್ನೋದಷ್ಟೇ. ಬರೆದಿದ್ದು ನಿಜವಾ ಅನ್ನೋದು ಬೇರೆ ಪ್ರಶ್ನೆ. ನಮ್ ಭಾಷಣಕಾರರು ಈ ಎರಡನ್ನೂ ಕಲಸಿ ಬಡಿಸ್ತಾರೆ, ಅದು ನನಗೆ ಸರಿ ಕಾಣಲ್ಲ.

ಕಾಶ್ಮೀರದ್ದು ಸುಲಭ. 1894ರಲ್ಲಿ ನೊಟೊವಿಚ್ ಅನ್ನೋ ರಷ್ಯಾದವನು ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಭಾರತ ಪ್ರವಾಸದ ಗ್ರಂಥ ನೋಡಿದೆ ಅಂತ ಪುಸ್ತಕ ಹಾಕಿದ. ಋಗ್ವೇದ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ ಅದೇ ವರ್ಷ ಇದು ನಂಬೋ ಹಂಗಿಲ್ಲ ಅಂತ ಬರೆದ್ರು, ಮರುವರ್ಷ ಆಗ್ರಾದಲ್ಲಿದ್ದ ಡಗ್ಲಸ್ ಅನ್ನೋ ಪ್ರೊಫೆಸರ್ ಸ್ವತಃ ಹೆಮಿಸಿಗೆ ಹೋಗಿ ಅಲ್ಲಿನ ದೊಡ್ಡ ಲಾಮಾನೇ ಕೇಳಿದ್ರೆ ಅಂಥ ಗ್ರಂಥನೇ ಇಲ್ಲ ಅಂದ್ರು. ಶ್ರೀನಗರದ ರೋಜಾಬಲ್ ಗೋರಿ ಯೇಸುದು ಅನ್ನೋದು ಬೇರೆ ದಾರಿಲಿ ಬಂದಿದ್ದು, ಅದು ಅಹ್ಮದೀಯ ಪಂಥ ಶುರು ಮಾಡಿದ ಮಿರ್ಜಾ ಗುಲಾಂ ಅಹ್ಮದ್ ಹೇಳಿದ್ದು. ಯೂಟ್ಯೂಬ್ ವಿಡಿಯೋದಲ್ಲಿ ಎರಡೂ ಸೇರಿಸಿ ಒಂದೇ ಕಥೆ ಮಾಡ್ತಾರೆ, ಆದ್ರೆ ಒಂದರಲ್ಲಿ ಶಿಲುಬೆಗೆ ಮುಂಚೆ ಬಂದ್ರು, ಇನ್ನೊಂದರಲ್ಲಿ ಶಿಲುಬೆ ಆದ್ಮೇಲೆ ಬಂದ್ರು.

ಯೇಸು ಅನ್ನೋ ಮನುಷ್ಯ ಇದ್ದಿದ್ದೇ ಸುಳ್ಳು ಅನ್ನೋರು ಸಿಕ್ಕಿದ್ರೆ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸಾಕು. ಕ್ರೈಸ್ತರನ್ನ ಕಂಡ್ರೆ ಆಗದ ಮನುಷ್ಯ ಅವನು, ಅವನೇ ಸುಮಾರು 116ರಲ್ಲಿ ಬರೀತಾನೆ, ಕ್ರಿಸ್ತನನ್ನ ಚಕ್ರವರ್ತಿ ತಿಬೇರಿಯನ ಆಳ್ವಿಕೇಲಿ ಅಧಿಕಾರಿ ಪೊಂತ್ಯ ಪಿಲಾತ ಕೊಲ್ಲಿಸಿದ ಅಂತ. ಪಿಲಾತನ ಹೆಸರಿರೋ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಯೇಸುವಿನ ಬಗ್ಗೆ ಬರೆದಿರೋ ಉದ್ದದ ಭಾಗ ಪೂರ್ತಿ ತೋರಿಸ್ಬೇಡಿ, ಅದರಲ್ಲಿ ಆಮೇಲೆ ಕ್ರೈಸ್ತರು ಕೈ ಆಡಿಸಿದಾರೆ ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಅವನೇ ಇನ್ನೊಂದು ಕಡೆ ಯೇಸುವಿನ ತಮ್ಮ ಯಾಕೋಬನ ಕೊಲೆ ಬಗ್ಗೆ ಬರೆದಿದಾನೆ, ಅದನ್ನ ಹೇಳಿ.

ಸತ್ತು ಎದ್ದು ಬಂದ್ರು ಅನ್ನೋದಕ್ಕೆ ಬಂದಾಗ ತರ್ಕ ಎಲ್ಲಿವರೆಗೆ ಬರತ್ತೆ ಅಂತ ತಿಳ್ಕೊಂಡು ಮಾತಾಡಿ. ಪೌಲ ಕೊರಿಂಥದವರಿಗೆ ಮೊದಲ ಪತ್ರ ಬರೆದಿದ್ದು ಹೆಚ್ಚುಕಮ್ಮಿ 55ರ ಹೊತ್ತಿಗೆ, ಅದರ 15ನೇ ಅಧ್ಯಾಯದಲ್ಲಿ ಯಾರ್ಯಾರಿಗೆ ಕಾಣಿಸ್ಕೊಂಡ್ರು ಅಂತ ಹೆಸರು ಕೊಡ್ತಾನೆ, 500ಕ್ಕಿಂತ ಹೆಚ್ಚು ಜನ ನೋಡಿದ್ರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದಾರೆ ಅಂತಾನೆ. ಅಂದ್ರೆ ಇದು ನೂರಾರು ವರ್ಷ ಬಿಟ್ಟು ಕಟ್ಟಿದ ಕಥೆ ಅಲ್ಲ, ಘಟನೆ ಆದ ಇಪ್ಪತ್ತೈದು ವರ್ಷದ ಒಳಗೆ ಬರಹದಲ್ಲಿದೆ. ಸುವಾರ್ತೆಗಳಲ್ಲಿ ಖಾಲಿ ಸಮಾಧಿ ಮೊದ್ಲು ನೋಡಿದ್ದು ಹೆಂಗಸರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಮ್ಮಿ, ಜೋಸೆಫಸ್ಸೇ ಹಂಗೆ ಬರೆದಿದಾನೆ, ಕಟ್ಟುಕಥೆ ಮಾಡೋನಾದ್ರೆ ಪೇತ್ರನನ್ನೋ ಯೋಹಾನನನ್ನೋ ಮೊದ್ಲು ನಿಲ್ಲಿಸ್ತಿದ್ದ. ಹಂಗಂತ ಪೌಲನ ಪಟ್ಟಿಲಿ ಆ ಹೆಂಗಸರ ಹೆಸರೇ ಇಲ್ಲ, ಇದನ್ನ ಎತ್ತಿ ಕೇಳಿದ್ರೆ ಹೌದು ಇಲ್ಲ ಅನ್ನಿ. ಶಿಷ್ಯರು ನಿಜವಾಗ್ಲೂ ನೋಡಿದೀವಿ ಅಂತ ನಂಬಿದ್ರು, ಬಹಳ ಬೇಗ ನಂಬಿದ್ರು, ಇಲ್ಲಿವರೆಗೂ ತರ್ಕ ಕೈ ಹಿಡ್ಕೊಂಡು ಕರ್ಕೊಂಡು ಬರತ್ತೆ. ದೇವರು ಎಬ್ಬಿಸಿದ ಅನ್ನೋದು ನಾನು ಅಲ್ಲಿಂದ ಮುಂದಕ್ಕೆ ನಂಬಿ ಇಡೋ ಹೆಜ್ಜೆ. ಕುರುಡಾಗಿ ಇಡ್ತಿಲ್ಲ, ಆದ್ರೆ ಲೆಕ್ಕ ಬರೆದು ಟೋಟಲ್ ಹಾಕಿದಂಗೆ ತೋರಿಸೋಕೂ ಆಗಲ್ಲ.

ಅಕ್ಕಿ ಮೂಟೆ ವಿಷಯಕ್ಕೆ ಸಿಟ್ಟು ಬರೋದು ಸಹಜ. ಆದ್ರೂ ಇತಿಹಾಸ ಮುಚ್ಚಿಡೋದು ಬೇಡ. 1876ರಿಂದ 78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಹಸಿದು ಸತ್ತಾಗ ಮಿಷನ್ನವರು ಅನಾಥ ಮಕ್ಕಳನ್ನ ತಂದು ಸಾಕಿದ್ರು, ನಮ್ ಕೋಲಾರದಲ್ಲೇ ಮಿಸ್ ಆನ್‌ಸ್ಟಿ ಅನ್ನೋ ಇಂಗ್ಲಿಷ್ ಹೆಂಗಸು ಸಾಕಿದ್ರು, ಅಂಥಾ ಮಕ್ಕಳಲ್ಲಿ ತುಂಬ ಜನ ಕ್ರೈಸ್ತರಾಗೇ ಬೆಳೆದ್ರು. ಹೌದು, ಊಟ ಹಾಕಿದ್ರು, ಮಕ್ಕಳು ಬದುಕಿದ್ರು. ಆದ್ರೆ ಒಬ್ಬ ಹೆಂಗೆ ನಂಬೋಕೆ ಶುರು ಮಾಡಿದ ಅನ್ನೋದ್ರಿಂದ ಅವನು ನಂಬಿದ್ದು ಸುಳ್ಳು ಅಂತ ಆಗಲ್ಲ. ಅದೇ ನ್ಯಾಯ ನಮಗೂ ತಿರುಗತ್ತೆ ನೋಡಿ, ಕೋಲಾರದ ನಮ್ ಇಟಿಸಿಎಂ ಮಿಷನ್ ಆಸ್ಪತ್ರೆ ನೂರು ವರ್ಷ ಮೇಲೆ ಸೇವೆ ಮಾಡಿದೆ, ಆದ್ರಿಂದ ನಮ್ ಧರ್ಮ ಸತ್ಯ ಅಂತ ನಾವೂ ಹೇಳೋ ಹಂಗಿಲ್ಲ. ಇವತ್ತಿನ ಲಾಭದ ಲೆಕ್ಕ ಹಾಕೋದಾದ್ರೆ 1950ರ ರಾಷ್ಟ್ರಪತಿ ಆದೇಶ ಓದಿ ಅನ್ನಿ, ಪರಿಶಿಷ್ಟ ಜಾತಿಯವರು ಕ್ರೈಸ್ತರಾದ್ರೆ ಎಸ್ಸಿ ಸ್ಥಾನಮಾನ ಹೋಗತ್ತೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸೇರಿಸಿದ್ರು, ಕ್ರೈಸ್ತರಿಗೆ ಇಲ್ಲ. ಮೀಸಲಾತಿ ಬಿಟ್ಟು ಅಕ್ಕಿ ಮೂಟೆ ತಗೊಳ್ಳೋನು ಎಂಥಾ ವ್ಯಾಪಾರಸ್ಥ ಸ್ವಾಮಿ? ಪ್ರಾರ್ಥನೆ ಮಾಡಿದ್ರೆ ಕ್ಯಾನ್ಸರ್ ಹೋಗತ್ತೆ, ಮಾತ್ರೆ ಬಿಸಾಕಿ ಅನ್ನೋ ಬೋಧಕರು ನಿಮ್ಮಲ್ಲೂ ಇದಾರಲ್ಲ ಅಂತ ಯಾರಾದ್ರೂ ಕೇಳಿದ್ರೆ ಮಾತ್ರ ಆ ಬೋಧಕರ ಪರ ವಕಾಲತ್ತು ಹಾಕ್ಬೇಡಿ.

ಕೆಲವು ಪ್ರಶ್ನೆಗೆ ಇದ್ಯಾವುದೂ ಬೇಕಾಗಲ್ಲ. ನಮ್ ಮಂಡಿಲಿ ಲೋಡ್ ಇಳಿಸೋ ಹಮಾಲಿ ಒಬ್ರ ಮಗ ಬೈಕ್ ಆಕ್ಸಿಡೆಂಟಲ್ಲಿ ತೀರ್ಕೊಂಡ. ಕಾರ್ಯ ಎಲ್ಲ ಮುಗಿಸ್ಕೊಂಡು ಕೆಲಸಕ್ಕೆ ಬಂದ ದಿನ ಖಾಲಿ ಕ್ರೇಟ್ ಬೋರಲು ಹಾಕಿ ನನ್ ಮೇಜಿನ ಪಕ್ಕ ಕೂತ್ರು, ಬೀಡಿ ತೆಗೆದ್ರು, ಹಚ್ಚಲಿಲ್ಲ. ಏನ್ ರೈಟ್ರೇ, ನಿಮ್ ದೇವ್ರು ನ್ಯಾಯವಂತ ಅಂತೀರಲ್ಲ, ನಮ್ ಹುಡ್ಗ ಯಾರಿಗೇನ್ ಮಾಡಿದ್ದ ಅಂದ್ರು. ನಾನು ಲೂಕ 13ನೇ ಅಧ್ಯಾಯದ್ದು ಹೇಳಿದೆ, ಅಣ್ಣಾ, ಯೇಸುಸ್ವಾಮಿ ಕಾಲದಲ್ಲಿ ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ರು, ಅವ್ರು ಮಿಕ್ಕವರಿಗಿಂತ ಪಾಪ ಮಾಡಿದ್ರು ಅಂತ ತಿಳ್ಕೊಂಡ್ರಾ, ಅಲ್ಲ ಅಂತ ಅವರೇ ಹೇಳಿದಾರೆ, ನಿಮ್ ಹುಡ್ಗ ಏನೂ ಮಾಡಿಲ್ಲ ಅಂತ. ಯಾಕಾಯ್ತು ಅಂದ್ರು, ನನಗೆ ಗೊತ್ತಿಲ್ಲಣ್ಣ ಅಂದೆ. ಯೋಬನ ಪುಸ್ತಕದಲ್ಲಿ ನೋಡಿ, ಮಕ್ಕಳನ್ನ ಕಳ್ಕೊಂಡು ಕೂತಿದ್ದ ಅವನಿಗೆ ನೀನು ಪಾಪ ಮಾಡಿದೀಯ ಅದಕ್ಕೇ ಹಿಂಗಾಯ್ತು ಅಂತ ಉದ್ದುದ್ದ ವಾದ ಹೂಡಿದ್ದು ಅವನ ಸ್ನೇಹಿತರು, ಕೊನೇಲಿ ದೇವರು ಸಿಟ್ಟಾಗಿದ್ದೂ ಅವರ ಮೇಲೇ.

ಆಮೇಲೆ ನಿಮ್ ಪ್ರಶ್ನೆ ಕೊನೇಲಿ ಅವ್ರ ದೇವ್ರುಗಳ ಬಗ್ಗೆ ತಿರುಗಿಸಿ ಕೇಳ್ಲಾ ಅಂತ ಇದೆ. ಬೇಡ ಬ್ರದರ್. ಪೌಲ ಗ್ರೀಸಿನ ಅಥೇನೆಗೆ ಹೋದಾಗ ಊರು ತುಂಬ ವಿಗ್ರಹ ನೋಡಿ ಒಳಗೆ ಕುದ್ದೋಗಿದ್ದ, ಆದ್ರೂ ಅರಿಯೊಪಾಗ ಅನ್ನೋ ಅಲ್ಲಿನ ಸಭೇಲಿ ನಿಂತಾಗ ಅವ್ರ ದೇವರುಗಳನ್ನ ಬೈಲಿಲ್ಲ, ಅವ್ರ ಕವಿಗಳ ಮಾತನ್ನೇ ಎತ್ಕೊಂಡು ಶುರು ಮಾಡಿದ, ಅಪೊಸ್ತಲರ ಕೃತ್ಯ 17ನೇ ಅಧ್ಯಾಯ ಓದಿ. ಕೆಲವರು ನಕ್ಕರು, ಕೆಲವರು ಇನ್ನೊಂದ್ಸಲ ಕೇಳ್ತೀವಿ ಅಂದ್ರು, ಕೆಲವರು ನಂಬಿದ್ರು, ಪೌಲನಿಗೇ ಅಷ್ಟೇ ಆಗಿದ್ದು. ಕೇಳಿದವರಿಗೆ ಉತ್ತರ ಕೊಡೋಕೆ ಸಿದ್ಧವಾಗಿರಿ ಅಂತ ನಮ್ಮೋರು ಎಲ್ಲಾ ಕಡೆ ಹೇಳೋ 1 ಪೇತ್ರ 3:15ರಲ್ಲೂ ಸಾತ್ವಿಕವಾಗಿ ಹೇಳಿ ಅಂತ ಜೊತೆಗೇ ಇದೆ, ಅಷ್ಟು ಭಾಗ ಮಾತ್ರ ಯಾರಿಗೂ ನೆನಪಿರಲ್ಲ.

ನಾನಾಗಿದ್ರೆ ನಿಮ್ ಸಹೋದ್ಯೋಗಿಗಳ ಹತ್ರ ಕಾಶ್ಮೀರದ್ದು ಮೊದ್ಲು ಮುಗಿಸ್ತೀನಿ, ಅದು ಒಂದು ಟೀ ಕುಡಿಯೋ ಹೊತ್ತಿನ ಕೆಲಸ. ಪ್ರತಿಗಳ ವಿಷಯ ಎರಡನೇದು. ಪುನರುತ್ಥಾನ ಅರ್ಧ ಗಂಟೆ ಲಂಚ್ ಬ್ರೇಕಲ್ಲಿ ತೆಗೀಬೇಡಿ, ಅದಕ್ಕೆ ಬದಲು ಮಾರ್ಕನ ಸುವಾರ್ತೆ ಒಂದು ಪ್ರತಿ ಕೊಡಿ, 16 ಅಧ್ಯಾಯ, ಕೂತ್ರೆ ಎರಡು ಗಂಟೆ ಹಿಡಿಯಲ್ಲ, ಕೊನೇ 12 ವಚನದ ಬಗ್ಗೆ ನೀವೇ ಮುಂಚೆ ಹೇಳಿಟ್ಟಿರಿ. ಅವ್ರು ತಿರುಗಿ ಓದೋಕೆ ಏನಾದ್ರೂ ಕೊಟ್ರೆ ತಗೊಂಡು ಪೂರ್ತಿ ಓದಿ, ಓದಿದೀನಿ ಅಂತ ಸುಳ್ಳು ಹೇಳ್ಬೇಡಿ, ಒಂದು ಪ್ರಶ್ನೆ ಕೇಳಿದ್ರೆ ಗೊತ್ತಾಗೋಗತ್ತೆ.