ದಾವಣಗೆರೆ–ಚಿತ್ರದುರ್ಗ ದಿನಾ ಓಡಾಡಲು ಇವಿ (ಬರೀ ಕರೆಂಟಿನಲ್ಲಿ ಓಡುವ) ಕಾರೋ, ಹೈಬ್ರಿಡ್ಡೋ? ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ?

ನಿಮ್ಮದು ಹೋಗಿ ಬರಲು ಸುಮಾರು 120 ಕಿ.ಮೀ. ತಿಂಗಳಿಗೆ 25 ದಿನ ಅಂದರೆ 3,000 ಕಿ.ಮೀ. ಇಷ್ಟು ಓಡಿಸುವವರಿಗೆ, ಮನೆಯಲ್ಲೇ ಚಾರ್ಜ್ ಮಾಡಲು ಜಾಗ ಇದ್ದರೆ, ಇವಿಯೇ ಸರಿ.

ಲೆಕ್ಕ ನೋಡಿ. ಒಂದು ಯೂನಿಟ್ ಕರೆಂಟಿಗೆ 7 ರೂಪಾಯಿ, ಅದರಲ್ಲಿ 7 ಕಿ.ಮೀ. ಎಂದು ಹಿಡಿಯಿರಿ. ಕಿಲೋಮೀಟರಿಗೆ 1 ರೂಪಾಯಿ ಆಯಿತು. ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಚಿಕ್ಕ ಬ್ಯಾಟರಿ ಇರುವ, ಪ್ಲಗ್ ಬೇಡದ ಕಾರು) ಲೀಟರಿಗೆ 20 ಕಿ.ಮೀ. ಕೊಟ್ಟರೂ, ಪೆಟ್ರೋಲ್ 100 ರೂಪಾಯಿ ಅಂದುಕೊಂಡರೆ, 5 ರೂಪಾಯಿ ಬೀಳುತ್ತದೆ. ತಿಂಗಳಿಗೆ 12,000 ಉಳಿತಾಯ! ಆದರೆ ದಿನಾ ಹೆದ್ದಾರಿಯ ಫಾಸ್ಟ್ ಚಾರ್ಜರ್ ನಂಬಿದರೆ ಇಷ್ಟು ಉಳಿಯಲ್ಲ.

ಬ್ಯಾಟರಿ ಒಂದೇ ದಿನಕ್ಕೆ ಸಾಯುವುದಿಲ್ಲ, ನಿಧಾನವಾಗಿ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಕಡಿಮೆಯಾಗುತ್ತದೆ. ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ನಿಮ್ಮ ಓಡಾಟಕ್ಕೆ ಅದು ನಾಲ್ಕೂವರೆ ವರ್ಷದಲ್ಲೇ ಮುಗಿಯುತ್ತದೆ. ಇದನ್ನು ಶೋರೂಮಿನಲ್ಲಿ ಬಿಡಿಸಿ ಕೇಳಿ. ಮೊದಲ ಮಾಲೀಕರಿಗೆ ಇನ್ನೂ ಜಾಸ್ತಿ ವಾರಂಟಿ ಇರುವ ಮಾದರಿಗಳೂ ಇವೆ.

ಬ್ಯಾಟರಿಗೆ ನಿಜವಾದ ಶತ್ರು ಬಿಸಿಲು. ನಮ್ಮ ಏಪ್ರಿಲ್ ಸೆಕೆ ಗೊತ್ತಲ್ವಾ? ಫುಲ್ ಚಾರ್ಜ್ ಮಾಡಿ ಬಿಸಿಲಲ್ಲಿ ಸುಮ್ನೆ ನಿಲ್ಲಿಸಬೇಡಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬಗೆಯ) ಬ್ಯಾಟರಿ ಇರುವುದನ್ನೇ ನೋಡಿ, ಹೆಚ್ಚು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ.

ಬಾಡಿಗೆ ಮನೆ, ಪ್ಲಗ್ ಇಲ್ಲ ಅಂದರೆ ಹೈಬ್ರಿಡ್ ತಗೊಳ್ಳಿ. ಅದರ ಬ್ಯಾಟರಿ ತೀರಾ ಚಿಕ್ಕದು, ಬದಲಿಸುವ ಖರ್ಚೂ ಇವಿಗಿಂತ ತುಂಬಾ ಕಡಿಮೆ.