ಲೇಖನ ಬಂತು, ಅದ್ರೊಳಗೆ ರ‍್ಯಾಪ್ ಎಲ್ಲಿ?

ನಮಸ್ಕಾರ,

ಬೆಂಗಳೂರಿನ ಹಿಪ್ ಹಾಪ್ ಬಗ್ಗೆ ನೀವು ಕಳಿಸಿದ್ದನ್ನ ಎರಡು ಸಲ ಓದಿದೆ. ಓಡಾಡಿ ಬರೆದಿದ್ದೀರ, ಕಾಗುಣಿತ ಚೆನ್ನಾಗಿದೆ, ಸಂತೋಷ. ಈಗ ಹೊಟ್ಟೇಲಿರೋದನ್ನ ಹೇಳಿಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ.

1973, ನ್ಯೂಯಾರ್ಕು, ಬ್ರಾಂಕ್ಸು, ಡಿಜೆ ಕೂಲ್ ಹರ್ಕು, ಹಿಪ್ ಹಾಪ್ ಹುಟ್ಟಿದ ಈ ಕಥೆಗೇ ಮೂರು ಪ್ಯಾರಾ. ಮಲ್ಲೇಶ್ವರದಿಂದ ಮೆಜೆಸ್ಟಿಕ್‌ಗೆ ಹೋಗೋಕೆ ಅಮೆರಿಕ ಸುತ್ತಬೇಕಾ? ಹೊಡೆದು ಹಾಕಿದ್ದೀನಿ.

ನಾಲ್ಕನೇ ಪ್ಯಾರಾ ಶುರುವಾಗೋದು ಹಿಂಗೆ: "ನಮ್ಮ ನಗರದ ಹಿಪ್ ಹಾಪ್ ಲೋಕದಲ್ಲಿ ಅಪಾರವಾದ ಸುಪ್ತ ಪ್ರತಿಭೆ ಅಡಗಿದೆ." ಸುಪ್ತ ಅಂದ್ಮೇಲೆ ಅಡಗಿದೆ ಯಾಕೆ? ಹೋಗ್ಲಿ, ಯಾರ ಕಣ್ಣಿಗೆ ಅಡಗಿದೆ? ಬೆಂಗಳೂರಿನ ರ‍್ಯಾಪರ್ ಬ್ರೋಧ ವಿ 'ಆತ್ಮ ರಾಮ' ಹಾಡು ಬಿಟ್ಟಿದ್ದು 2012ರಲ್ಲಿ, ಆಗ ನೀವು ಸ್ಕೂಲಲ್ಲಿದ್ರೇನೋ. ಕನ್ನಡದಲ್ಲಿ ರ‍್ಯಾಪ್ ಮಾಡೋ ಆಲ್ ಓಕೆ, ಚಂದನ್ ಶೆಟ್ಟಿ ಹಾಡು ಗಣೇಶನ ಪೆಂಡಾಲಲ್ಲೇ ಕೇಳುತ್ತೆ. ಅಡಗಿರೋದು ಏನು ಅಂತ ನಿಮಗೇ ಗೊತ್ತಿಲ್ಲದೆ 'ಅಪಾರ' ಹಾಕಿ ಮುಚ್ಚಿದ್ದೀರ.

ಮುಂದಿನ ಸಾಲು, ರ‍್ಯಾಪರ್ ಹನುಮಾನ್‌ಕೈಂಡ್ ಗೆದ್ದಿದ್ದು "ಕನ್ನಡ ರ‍್ಯಾಪ್‌ನ ಸಾಮರ್ಥ್ಯಕ್ಕೆ ಸಾಕ್ಷಿ" ಅಂತ. ಅಲ್ಲಾ ಸ್ವಾಮಿ, ಆತ ಮಲಯಾಳಿ, ಬೆಳೆದಿದ್ದು ಹ್ಯೂಸ್ಟನ್‌ನಲ್ಲಿ, ಪಳಗಿದ್ದು ಬೆಂಗಳೂರಲ್ಲಿ, 2024ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಅನ್ನೋ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಸೇರಿದ ಹಾಡು ಇಂಗ್ಲಿಷ್‌ದು. ಅದು ಬೆಂಗಳೂರಿಗೆ ಸಾಕ್ಷಿ ಆಗ್ಬಹುದು, ಕನ್ನಡಕ್ಕೆ ಹೆಂಗ್ರೀ?

ಇವೆಲ್ಲ ಸಹಿಸ್ಕೊಂಡೆ, ಆದ್ರೆ ಎರಡನೇ ಪುಟದಲ್ಲಿ "ಕನ್ನಡ ಭಾಷೆ ರ‍್ಯಾಪ್‌ನ ವೇಗಕ್ಕೆ ಅಷ್ಟಾಗಿ ಒಗ್ಗುವುದಿಲ್ಲ" ಅಂತ ಬರೆದಿದ್ದೀರಲ್ಲ, ಅಲ್ಲಿ ಕಾಫಿ ಲೋಟ ಕೆಳಗಿಟ್ಟೆ. ಯಾಕೆ ಒಗ್ಗಲ್ಲ, ಒಂದು ಉದಾಹರಣೆ? ಇಲ್ಲ. ನಿಜವಾದ ತೊಂದರೆ ಏನಂದ್ರೆ ಕನ್ನಡದಲ್ಲಿ ಪ್ರಾಸ ತೀರಾ ಸುಲಭ, ಕ್ರಿಯಾಪದ ಕೊನೆಗೆ ಬರುತ್ತೆ, ಹಾಡ್ತೀನಿ ಓಡ್ತೀನಿ ಗೆಲ್ತೀನಿ ಅಂತ ಯಾರು ಬೇಕಾದ್ರೂ ಬೆಳಗಾಗೋವರೆಗೂ ಎಳೀಬಹುದು, ಕೇಳೋರಿಗೆ ನಿದ್ದೆ ಬರುತ್ತೆ. ಒಳ್ಳೆ ಹುಡುಗರು ಅದನ್ನ ಬಿಟ್ಟು ಸಾಲಿನ ಒಳಗೆ ಹುಡುಕ್ತಾರೆ. "ಕತ್ತಲಲ್ಲಿ ಸುತ್ತಿ ಬಂದು ಲಾಸ್ಟು ಬಸ್ಸು ಹತ್ತಿದೆ", ನಾನೇ ಈಗ ಕಟ್ಟಿದ್ದು, ಕವಿ ಅಲ್ಲ ನಾನು, ಆದ್ರೂ ಆ ತ್ತ-ತ್ತಿ-ತ್ತಿ ಕೇಳಿಸ್ಕೊಳ್ಳಿ, ಒತ್ತಕ್ಷರ ಡ್ರಮ್ ಕೆಲಸ ಮಾಡುತ್ತೆ. ಎರಡನೇ ಅಕ್ಷರದ ಪ್ರಾಸ ಪಂಪನ ಕಾಲದ್ದು, ಗೋವಿಂದ ಪೈಗಳು 1911ರಲ್ಲಿ ಬೇಡ ಅಂತ ಕೈಬಿಟ್ಟಿದ್ದು, ಈಗ ಹೂಡಿ ಹಾಕಿದ ಹುಡುಗರ ಬಾಯಲ್ಲಿ ವಾಪಸ್ ಬರ್ತಿದೆ. ಇದನ್ನ ಬರೀಬೇಕಿತ್ತು ನೀವು! ಎಂಟು ಪುಟದಲ್ಲಿ ಒಬ್ಬ ರ‍್ಯಾಪರ್ ಬಾಯಿಂದ ಬಂದ ಒಂದು ಸಾಲೂ ಇಲ್ಲ.

ಇಷ್ಟು ಯಾಕೆ ಉರಿಯುತ್ತೆ ಅಂದ್ರೆ ನಾನೂ ಇದೇ ಮಾಡಿದವನು. ಕೆಲಸಕ್ಕೆ ಸೇರಿದ ಹೊಸದು, ಒಂದು ಜಾತ್ರೇಲಿ ಗೀಗೀ ಪದದ ಸವಾಲ್-ಜವಾಬ್ ನೋಡ್ಕೊಂಡು ಬಾ ಅಂತ ಕಳಿಸಿದ್ರು. ಹರದೇಶಿ ಮೇಳ ಗಂಡು ಹೆಚ್ಚು ಅನ್ನುತ್ತೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಅನ್ನುತ್ತೆ, ದಪ್ಪು ತುಂತುಣಿ ಹಿಡ್ಕೊಂಡು ಬೆಳಗಿನ ಜಾವದವರೆಗೂ ಜಗಳ, ಇವತ್ತಿನ ಭಾಷೇಲಿ ಪಕ್ಕಾ ರ‍್ಯಾಪ್ ಬ್ಯಾಟಲ್. ನಾನು ಬಂದು "ಶ್ರೀಮಂತ ಜನಪದ ಪರಂಪರೆ" ಅಂತ ಎರಡು ಕಾಲಂ ಬರೆದು ಕೊಟ್ಟೆ. ನಮ್ಮ ಹಿರಿಯ ಉಪಸಂಪಾದಕರು ಕನ್ನಡಕ ಹಣೆ ಮೇಲೆ ಏರಿಸಿ ಕೇಳಿದ್ರು, "ಆ ಹೆಂಗಸು ಏನಂತ ಕೇಳಿದ್ಲು, ಆ ಮನುಷ್ಯ ಏನಂತ ಉತ್ತರ ಕೊಟ್ಟ?" ನನ್ನ ನೋಟ್‌ಬುಕ್‌ನಲ್ಲಿ ಬಸ್ ಟೈಮಿಂಗ್ ಇತ್ತು, ಆ ಉತ್ತರ ಇರಲಿಲ್ಲ. ಅವರು ಏನೂ ಅನ್ನಲಿಲ್ಲ, ಹಾಳೆ ಮಡಚಿ ಟೇಬಲ್ ಕಾಲಿನ ಕೆಳಗೆ ಇಟ್ರು, ಟೇಬಲ್ ಅಲ್ಲಾಡ್ತಿತ್ತು.

ನಿಮ್ಮ ಆರನೇ ಪುಟದಲ್ಲಿ ಕಬ್ಬನ್ ಪಾರ್ಕ್‌ನ ಆ ಭಾನುವಾರ ಇದೆಯಲ್ಲ, ಸೈಫರ್ ಮಧ್ಯೆ, ಅಂದ್ರೆ ಸುತ್ತ ನಿಂತು ಒಬ್ಬರಾದ್ಮೇಲೆ ಒಬ್ಬರು ರ‍್ಯಾಪ್ ಮಾಡೋ ಕೂಟದ ಮಧ್ಯೆ, ಬ್ಲೂಟೂತ್ ಸ್ಪೀಕರ್ ಚಾರ್ಜ್ ಮುಗಿದು, ಸುತ್ತ ನಿಂತವರೇ ಚಪ್ಪಾಳೆ ತಟ್ಟಿ ಬೀಟ್ ಹಿಡಿದ್ರು ಅಂತ. ಅರ್ಧ ಸಾಲಲ್ಲಿ ಮುಗಿಸಿದ್ದೀರ! ಅಲ್ಲಿಂದ ಶುರು ಮಾಡಿ. ಆಮೇಲೆ ಯಾರು ಬಾಯಿ ಹಾಕಿದ, ಏನು ಹಾಡಿದ, ಎಲ್ಲಿ ತಪ್ಪಿದ, ಜನ ಎಲ್ಲಿ ನಕ್ಕರು, ಅದಷ್ಟೂ ಬೇಕು. ನೆನಪಿಲ್ಲಾಂದ್ರೆ ಇನ್ನೊಂದು ಭಾನುವಾರ ಹೋಗಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬನ್ನಿ.

ಒಂಬೈನೂರು ಪದ ಸಾಕು. ಹಾಂ, ಒಂದು ಕಡೆ ರ‍್ಯಾಪ್, ಇನ್ನೊಂದು ಕಡೆ ರಾಪ್ ಅಂತ ಬರೆದಿದ್ದೀರ, ಯಾವುದಾದ್ರೂ ಒಂದು ಇಟ್ಕೊಳ್ಳಿ.